ಗುರುತು ಉಳಿಯದ ಕತ್ತರಿ: ಟೋಕಿಯೋದಲ್ಲಿರುವ ಸೋದರ ಸೊಸೆಗೆ

ಚಿ. ವೈಶಾಲಿಗೆ ನಿನ್ನ ಅತ್ತೆಯ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿತು. ಮನೆಯ ಸಮಾಚಾರವನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳಿಯೇ ಇರುತ್ತಾನಾದ್ದರಿಂದ ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನೀನು ಕೊನೆಗೆ ಅವಸರದಲ್ಲಿ ಸೇರಿಸಿದ ನಾಲ್ಕು ಸಾಲು ನನ್ನನ್ನು ನೆಮ್ಮದಿಯಾಗಿರಲು ಬಿಡುತ್ತಿಲ್ಲ. ಸಂಸತ್ ಗ್ರಂಥಾಲಯದಲ್ಲಿ 1946ರ ಪತ್ರಿಕೆಗಳ ಮೈಕ್ರೋಫಿಲಂ ನೋಡುತ್ತಿದ್ದಾಗ, ಅಮೆರಿಕನ್ ಸೆನ್ಸಾರಿನವರು ಗೀಟು ಹೊಡೆದ ಕರಡಚ್ಚನ್ನೂ ಅದೇ ಲೇಖನ ಅಚ್ಚಾಗಿ ಹೊರಬಂದ ಪುಟವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದೆ, ಅಚ್ಚಾದ ಪುಟದಲ್ಲಿ ಏನನ್ನಾದರೂ ತೆಗೆದ ಸುಳಿವೇ ಇರಲಿಲ್ಲ ಎಂದು ಬರೆದಿದ್ದೀಯೆ. "ಹಾಗಾದರೆ ನಾನು ಇದುವರೆಗೆ ಓದಿದ್ದರಲ್ಲಿ ಏನೇನು ತೆಗೆದಿದ್ದಾರೆಂದು ಹೇಗೆ ತಿಳಿಯಬೇಕು ಅತ್ತೆ? ಈಗ ಯಾವ ಪುಟ ಓದಿದರೂ ಹೆದರಿಕೆಯಾಗುತ್ತದೆ" ಎಂದು ಕೇಳಿದ್ದೀಯೆ.

ಈ ಹೆದರಿಕೆಯನ್ನು ಹುಚ್ಚು ಎಂದು ನಾನು ತಳ್ಳಿಹಾಕುವುದಿಲ್ಲ. ಜೀವಮಾನವೆಲ್ಲ ಕರಡು ತಿದ್ದಿದವಳು ನಾನು. ಒಂದು ಸಾಲು ಕಿತ್ತ ಮೇಲೆ ಉಳಿದ ಅಚ್ಚುಮೊಳೆಗಳನ್ನು ಸರಿಸಿ ಕಾಲಂ ತುಂಬಿಸಿದರೆ ಬರೆದವನಿಗೆ ಕೂಡ ಮೊದಲ ನೋಟಕ್ಕೆ ಗೊತ್ತಾಗುವುದಿಲ್ಲ. ನೀನು ನೋಡಿದ್ದು ಇದನ್ನೇ, ಆದರೆ ಇಡೀ ಒಂದು ದೇಶದ ಮಟ್ಟದಲ್ಲಿ. ಯುದ್ಧಕ್ಕೆ ಮೊದಲು ಜಪಾನಿನ ಸರ್ಕಾರವೇ ಪತ್ರಿಕೆಗಳಿಗೆ ಕತ್ತರಿ ಹಾಕುತ್ತಿದ್ದಾಗ, ಕೈಬಿಟ್ಟ ಅಕ್ಷರಗಳ ಜಾಗದಲ್ಲಿ ಸಂಪಾದಕರು X ಗುರುತುಗಳನ್ನೋ ಸೊನ್ನೆಗಳನ್ನೋ ಹಾಕುತ್ತಿದ್ದರು. ಓದುಗರು ಅವನ್ನು ಎಣಿಸಿ, ಇಲ್ಲಿ ಇಂಥ ಮಾತಿದ್ದಿರಬೇಕು ಎಂದು ಊಹಿಸುತ್ತಿದ್ದರು. ಜಪಾನ್ ಯುದ್ಧದಲ್ಲಿ ಸೋತು ಅಮೆರಿಕನ್ ಸೈನ್ಯದ ಆಡಳಿತಕ್ಕೆ ಒಳಗಾದ ಮೇಲೆ, 1945ರ ಸೆಪ್ಟೆಂಬರಿನ ನಂತರ ಬಂದ ಸೆನ್ಸಾರು ಅಷ್ಟನ್ನೂ ಉಳಿಸಲಿಲ್ಲ. ಸೊನ್ನೆ ಹಾಕುವಂತಿಲ್ಲ, ಮಸಿ ಬಳಿಯುವಂತಿಲ್ಲ, ಜಾಗ ಖಾಲಿ ಬಿಡುವಂತಿಲ್ಲ. ಸೆನ್ಸಾರು ಇದೆ ಎಂಬುದನ್ನು ಬರೆಯುವುದೂ ನಿಷಿದ್ಧವಾಗಿತ್ತು. 1947ರ ಮೇ 3ರಂದು ಜಾರಿಗೆ ಬಂದ ಹೊಸ ಸಂವಿಧಾನದ 21ನೆಯ ವಿಧಿ ಸೆನ್ಸಾರು ಇರಕೂಡದು ಎಂದು ಸ್ಪಷ್ಟವಾಗಿ ಹೇಳಿತು. ಆ ಸಂವಿಧಾನದ ಸುದ್ದಿಯನ್ನು ಅಚ್ಚು ಹಾಕಿದ ಟೋಕಿಯೋದ ದೊಡ್ಡ ಪತ್ರಿಕೆಗಳು ಮಾತ್ರ 1948ರ ಜುಲೈವರೆಗೂ ತಮ್ಮ ಕರಡುಗಳನ್ನು ಮೊದಲು ಸೆನ್ಸಾರಿನವರಿಗೆ ತೋರಿಸಬೇಕಾಗಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿನ್ನಂಥ ಎಳೆಯ ಮನಸ್ಸಿಗೆ ಹೇಗಾಗಿರಬೇಡ!

1945ರ ಆ ಸೆಪ್ಟೆಂಬರನ್ನು ದಿನವಾರು ಓದಿಕೋ ಎಂದು ಮಾತ್ರ ಹೇಳುತ್ತೇನೆ. ಹೆದರಿಕೆಗೆ ದಿನಾಂಕ ಸಿಕ್ಕರೆ ಅದು ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಶರಣಾಗತಿಯ ಸಹಿಯಾದದ್ದು 2ರಂದು. 10ರಂದು, ಜಪಾನಿನ ಆಡಳಿತ ಹೊತ್ತಿದ್ದ ಅಮೆರಿಕನ್ ಸೇನಾನಿ ಮ್ಯಾಕ್‌ಆರ್ಥರರ ಕಚೇರಿಯಿಂದ ಹೊರಟ ಆದೇಶ, ವಾಕ್ ಸ್ವಾತಂತ್ರ್ಯದ ಮೇಲೆ ಅತಿ ಕಡಿಮೆ ನಿರ್ಬಂಧಗಳಷ್ಟೇ ಇರುತ್ತವೆ ಎಂದಿತು. 15ರಂದು ಅಸಾಹಿ ಪತ್ರಿಕೆ ಹತೋಯಾಮ ಇಚಿರೋ ಎಂಬ ರಾಜಕಾರಣಿಯ ಹೇಳಿಕೆಯನ್ನು ಪ್ರಕಟಿಸಿತು. ಅಣುಬಾಂಬು ಹಾಕಿದ್ದು ಅಂತಾರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಎಂಬುದು ಅದರ ಸಾರ. 18ರಂದು ಆ ಪತ್ರಿಕೆಯನ್ನು ಎರಡು ದಿನ ನಿಲ್ಲಿಸಲಾಯಿತು. ಅದರ ಬೆನ್ನಿಗೇ ಹತ್ತು ಅಂಶಗಳ ಪತ್ರಿಕಾ ಸಂಹಿತೆ ಬಂತು. ಸುದ್ದಿ ಸತ್ಯಕ್ಕೆ ನಿಷ್ಠವಾಗಿರಬೇಕು, ಮುಖ್ಯವಾದ ಸಂಗತಿಗಳನ್ನು ಬಿಟ್ಟು ಸುದ್ದಿಯನ್ನು ತಿರುಚಬಾರದು ಎಂಬ ನಿಯಮಗಳೂ ಆ ಹತ್ತರಲ್ಲಿವೆ, ನೀನು ನೋಡಿಯೇ ಇರುತ್ತೀಯೆ. ಪತ್ರಿಕೆಗಳವರಿಗೆ ತೋರಿಸದೆ ಸೆನ್ಸಾರಿನವರು ತಮ್ಮಲ್ಲೇ ಇಟ್ಟುಕೊಂಡಿದ್ದ ಪಟ್ಟಿ ಬೇರೆಯೇ ಇತ್ತು. ಮ್ಯಾಕ್‌ಆರ್ಥರರ ಆಡಳಿತದ ಟೀಕೆ, ಜಪಾನಿನ ಯುದ್ಧಾಪರಾಧಿಗಳ ಮೇಲೆ ನಡೆದ ಟೋಕಿಯೋ ವಿಚಾರಣೆಯ ಟೀಕೆ, ಸಂವಿಧಾನವನ್ನು ಅಮೆರಿಕನ್ನರು ಬರೆದರೆಂಬ ಮಾತು, ಸೆನ್ಸಾರಿನ ಪ್ರಸ್ತಾಪ, ಕಾಳಸಂತೆ, ಹಸಿವಿನ ಬಗ್ಗೆ "ಅತಿಯಾದ" ಬರಹ, ಸೈನಿಕರಿಗೂ ಊರ ಹೆಣ್ಣುಮಕ್ಕಳಿಗೂ ನಡುವಿನ ಒಡನಾಟ, ಇವೆಲ್ಲ ಆ ಪಟ್ಟಿಯಲ್ಲಿದ್ದವು. ಊರಿನ ಜನ ದಿನವೂ ಕಣ್ಣಾರೆ ಕಾಣುತ್ತಿದ್ದ ಹಸಿವನ್ನು ಪತ್ರಿಕೆಯಲ್ಲಿ ಮಾತ್ರ ಇಷ್ಟೇ ಎಂದು ಅಳೆದು ತೋರಿಸಬೇಕಾಗಿತ್ತು.

ಇಷ್ಟೇ ಆಗಿದ್ದರೆ ನಿನಗೆ ಉತ್ತರ ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಒಂದು ಕೈ ಕತ್ತರಿಸುತ್ತಿದ್ದಾಗ ಇನ್ನೊಂದು ಕೈ ತುಂಬಿಸುತ್ತಿತ್ತು, ಮತ್ತು ತುಂಬಿಸಿದ್ದರಲ್ಲಿ ಬಹುಪಾಲು ನಿಜವಾಗಿತ್ತು. 1945ರ ಡಿಸೆಂಬರ್ 8ರಿಂದ, ಅಂದರೆ ಜಪಾನಿನ ಲೆಕ್ಕದಲ್ಲಿ ಪರ್ಲ್ ಹಾರ್ಬರ್ ದಾಳಿ ನಡೆದ ಅದೇ ತಾರೀಖಿನಿಂದ, ಅಮೆರಿಕನ್ ಆಡಳಿತದ ಮಾಹಿತಿ ಮತ್ತು ಶಿಕ್ಷಣ ವಿಭಾಗ ತಯಾರಿಸಿಕೊಟ್ಟ ಯುದ್ಧದ ಇತಿಹಾಸ ಜಪಾನಿನ ಪತ್ರಿಕೆಗಳಲ್ಲಿ ಕಂತುಕಂತಾಗಿ ಬಂತು. ಮರುದಿನದಿಂದ ರೇಡಿಯೋದಲ್ಲಿ ಅದರದ್ದೇ ನಾಟಕರೂಪ ಶುರುವಾಯಿತು. ಅದು ಪ್ರಚಾರವೇ, ಆ ಉದ್ದೇಶದಿಂದಲೇ ಬರೆಸಿದ್ದು. ಆದರೆ ಚೀನಾದ ನಾನ್‌ಜಿಂಗ್‌ನಲ್ಲಿ, ಫಿಲಿಪ್ಪೀನ್ಸಿನ ಮನಿಲಾದಲ್ಲಿ ತಮ್ಮ ಸೈನ್ಯ ಮಾಡಿದ ಕೊಲೆಗಳ ಸುದ್ದಿಯನ್ನು ಎಷ್ಟೋ ಜಪಾನೀಯರು ಮೊದಲ ಬಾರಿಗೆ ತಿಳಿದದ್ದು ಈ ಪ್ರಚಾರದಿಂದಲೇ. ತಮ್ಮದೇ ಸರ್ಕಾರ ಅದನ್ನು ಅವರಿಂದ ಮುಚ್ಚಿಟ್ಟಿತ್ತು. ಹೊರಗಿನವರು ನಿಜವನ್ನು ಕೊಟ್ಟರು, ಮತ್ತೊಂದು ನಿಜವನ್ನು ಬಚ್ಚಿಡುವುದಕ್ಕೂ ಅದನ್ನೇ ಬಳಸಿದರು. ನಾಗಸಾಕಿಯ ವೈದ್ಯ ನಗಾಯಿ ತಕಾಶಿ ಬಾಂಬಿನ ಬಗ್ಗೆ ಬರೆದ ಪುಸ್ತಕದ ಕಥೆ ನಿನಗೆ ಗೊತ್ತಿದೆ. ವರ್ಷಗಟ್ಟಲೆ ತಡೆಹಿಡಿದು, 1949ರಲ್ಲಿ ಅದನ್ನು ಹೊರಬರಲು ಬಿಟ್ಟದ್ದು ಮನಿಲಾದಲ್ಲಿ ಜಪಾನೀ ಸೈನ್ಯ ನಡೆಸಿದ ಹತ್ಯಾಕಾಂಡದ ವರದಿಯನ್ನು ಅದೇ ಪುಸ್ತಕಕ್ಕೆ ಸೇರಿಸಿ ಹೊಲಿಯಬೇಕೆಂಬ ಷರತ್ತಿನ ಮೇಲೆ. ಮನಿಲಾದ ವರದಿ ಸುಳ್ಳಲ್ಲ. ನಾಗಸಾಕಿಯ ಬರಹವೂ ಸುಳ್ಳಲ್ಲ. ಒಂದರ ಸಾವನ್ನು ಇನ್ನೊಂದರ ಸಾವಿಗೆ ತೂಕದ ಬಟ್ಟಾಗಿ ಇಟ್ಟದ್ದೇ ಅನ್ಯಾಯ.

ಆದ್ದರಿಂದ, ವೈಶಾಲಿ, ನಿನ್ನ ಹೆದರಿಕೆ ಒಂದು ಹೆಜ್ಜೆ ಮುಂದೆ ಹೋಗಿ "ಇವೆಲ್ಲ ಯಾರೋ ಹೇಳಿಸಿದ್ದು, ಎಲ್ಲವೂ ಸುಳ್ಳು" ಎಂಬಲ್ಲಿಗೆ ತಲುಪಬಾರದು ಎಂಬುದೇ ನನ್ನ ಆತಂಕ. ಅದನ್ನು ನೀನು ಬರೆದಿಲ್ಲ, ಆದರೆ ನೀನು ಬರೆದ ರೀತಿಯಲ್ಲಿ ಅದರ ವಾಸನೆ ನನಗೆ ಬಂತು. ಪ್ರಚಾರವೆಂದು ಗೊತ್ತಾದೊಡನೆ ನಾನ್‌ಜಿಂಗ್ ನಡೆದೇ ಇಲ್ಲ ಎನ್ನುವವರು ಆ ದೇಶದಲ್ಲಿ ಇವತ್ತೂ ಇದ್ದಾರೆ. ಅವರೂ ಹೊರಟದ್ದು ಇಂಥದೇ ಒಂದು ಸಂಶಯದಿಂದ. ಟೋಕಿಯೋ ವಿಚಾರಣೆಯಲ್ಲಿ ಆರೋಪಿಗಳು ನಿರ್ದೋಷಿಗಳೆಂದು ಬರೆದ ಭಾರತದ ನ್ಯಾಯಮೂರ್ತಿ ರಾಧಾವಿನೋದ ಪಾಲರ ಭಿನ್ನ ತೀರ್ಪನ್ನೇ ನೋಡು. 1948ರಲ್ಲಿ ಅದನ್ನು ನ್ಯಾಯಾಲಯದಲ್ಲಿ ಓದಲಿಲ್ಲ, 1952ರಲ್ಲಿ ಅಮೆರಿಕನ್ ಸೈನ್ಯದ ಆಡಳಿತ ಮುಗಿಯುವವರೆಗೆ ಅದು ಜಪಾನಿನಲ್ಲಿ ಅಚ್ಚಾಗಲಿಲ್ಲ. ಹಾಗೆ ಅದುಮಿಟ್ಟದ್ದರಿಂದಲೇ, ಜಪಾನೀ ಸೈನ್ಯದ ಕ್ರೌರ್ಯಕ್ಕೆ ಸಾಕ್ಷ್ಯ ಬಲವಾಗಿದೆ ಎಂದು ಅವರು ಅದರಲ್ಲೇ ಬರೆದದ್ದನ್ನು ಮರೆತು, ತಮಗೆ ಬೇಕಾದಷ್ಟನ್ನು ಮಾತ್ರ ಎತ್ತಿ ಹಿಡಿಯುವವರಿಗೆ ಅದು ಒದಗಿತು ಎಂದು ನನಗೆ ಅನ್ನಿಸುತ್ತದೆ.

ನನ್ನ ಕಾಲದ ಮಾತನ್ನು ಸ್ವಲ್ಪ ಹೇಳಬಹುದೇ? 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯೊಂದರ ಕರಡು ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಿತ್ತು. ನಮ್ಮ ಮೊಳೆ ಜೋಡಿಸುವ ಹಿರಿಯರೊಬ್ಬರು ಆ ಪುಟವನ್ನು ಕೈಯಲ್ಲಿ ಹಿಡಿದು, ಅಚ್ಚಾದ ಅಕ್ಷರ ಓದುವಂತೆಯೇ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು. ಆಮೇಲೆ ಖಾಲಿ ಬಿಡುವುದೂ ಕೂಡದೆಂದು ಸೂಚನೆ ಬಂತು. ನಮ್ಮ ಪುಟಗಳು ತುಂಬಿಕೊಂಡೇ ಹೊರಬಂದವು, ಹವಾಮಾನ, ಪೇಟೆ ಧಾರಣೆ, ಉದ್ಘಾಟನೆಯ ಸುದ್ದಿಗಳಿಂದ. ನಮ್ಮದು ನಮ್ಮದೇ ಸರ್ಕಾರ ಮಾಡಿದ್ದು, ಇಪ್ಪತ್ತೊಂದು ತಿಂಗಳಲ್ಲಿ ಮುಗಿದದ್ದು. ಸೋತು, ಸುಟ್ಟು, ಹೊರಗಿನ ಸೈನ್ಯದ ಕೈಕೆಳಗಿದ್ದ ಊರಿನ ಸ್ಥಿತಿಯೊಂದಿಗೆ ಅದನ್ನು ಸಮ ಮಾಡಿ ನೋಡಲು ನಾನು ಸಿದ್ಧಳಿಲ್ಲ. ಆದರೆ ನಿನ್ನ ಹೆದರಿಕೆಯನ್ನು ಓದಿದಾಗ ಆ ಬೆರಳು ನೆನಪಾಯಿತು. ಖಾಲಿ ಜಾಗವಿದ್ದರೆ ಓದುಗನಿಗೆ ಏನನ್ನೋ ಕಸಿದುಕೊಂಡಿದ್ದಾರೆ ಎಂದಾದರೂ ತಿಳಿಯುತ್ತದೆ. ಟೋಕಿಯೋದ ಓದುಗರಿಗೆ ಅದೂ ಸಿಗಲಿಲ್ಲ. ನೀನು ಅತ್ತಿದ್ದರೆ ಅದಕ್ಕೇ ಅತ್ತಿರಬೇಕು.

ಆದರೂ ಗುರುತು ಪೂರ್ತಿ ಅಳಿಯಲಿಲ್ಲವಲ್ಲ. ಸೆನ್ಸಾರಿನವರು ಪುಟದಲ್ಲಿ ಗುರುತು ಉಳಿಸಲಿಲ್ಲ, ತಮ್ಮ ಕಡತದಲ್ಲಿ ಉಳಿಸಿದರು. ಎಲ್ಲ ಕಚೇರಿಗಳ ಹಾಗೆ ಆ ಕಚೇರಿಗೂ ತಾನು ಮಾಡಿದ ಕೆಲಸಕ್ಕೆ ದಾಖಲೆ ಬೇಕಿತ್ತು. ಗಾರ್ಡನ್ ಪ್ರಾಂಗೆ ಎಂಬ ಇತಿಹಾಸಕಾರ ಆ ರಾಶಿಯನ್ನು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಸಾಗಿಸದೆ ಇದ್ದಿದ್ದರೆ, ಇವತ್ತು ನೀನು ಆ ಮೈಕ್ರೋಫಿಲಂ ಮುಂದೆ ಕುಳಿತಿರುತ್ತಿರಲಿಲ್ಲ. ಹಿರೋಶಿಮಾದ ಕವಯಿತ್ರಿ ಕುರಿಹಾರ ಸದಾಕೋ 1946ರಲ್ಲಿ ತನ್ನ ಸಂಕಲನವನ್ನು ಕವಿತೆಗಳನ್ನು ಕಳೆದುಕೊಂಡೇ ಅಚ್ಚು ಹಾಕಿಸಬೇಕಾಯಿತು. ಸೆನ್ಸಾರಿಗೆ ಒಪ್ಪಿಸಿದ್ದ ಕರಡು ಆ ಸಂಗ್ರಹದಲ್ಲಿ ಸಿಕ್ಕಿ, 1983ರಲ್ಲಿ ಪುಸ್ತಕ ಪೂರ್ತಿಯಾಗಿ ಹೊರಬಂತು. ಅಷ್ಟು ವರ್ಷ ಆ ತಾಯಿ ಬದುಕಿದ್ದು ತನ್ನ ಸಾಲುಗಳನ್ನು ಮತ್ತೆ ಕಂಡಳು. ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ ಎಂಬುದೂ ನನಗೆ ಗೊತ್ತಿದೆ. ಬಾಂಬಿನಿಂದ ಸುಟ್ಟವರ ಫೋಟೋಗಳನ್ನು ಜಪಾನಿನ ಸಾಮಾನ್ಯ ಜನ ದೊಡ್ಡ ಪ್ರಮಾಣದಲ್ಲಿ ನೋಡಿದ್ದು 1952ರ ಆಗಸ್ಟ್ 6ರ ಅಸಾಹಿ ಸಚಿತ್ರ ಪತ್ರಿಕೆಯಲ್ಲಿ. ಅಷ್ಟರಲ್ಲಿ ಏಳು ವರ್ಷ ಕಳೆದಿತ್ತು. ಆ ಏಳು ವರ್ಷ ಬಾಂಬು ತಂದ ರೋಗದಿಂದ ನರಳುತ್ತ, ತಮಗೆ ಏನಾಗಿದೆ ಎಂದು ಯಾವ ಪತ್ರಿಕೆಯಲ್ಲೂ ಓದಲಾಗದೆ ತೀರಿಕೊಂಡವರನ್ನು ಯೋಚಿಸಿದರೆ, ಗುರುತು ಉಳಿದಿದೆ ಎಂಬ ನನ್ನ ಸಮಾಧಾನ ಎಷ್ಟು ಸಣ್ಣದೆಂದು ನನಗೇ ಅರ್ಥವಾಗುತ್ತದೆ.

ನಿನ್ನ ಅಜ್ಜನ ತಮ್ಮ, ನಮ್ಮ ಕಾಕಾ, 1946ರಲ್ಲಿ ಜಪಾನಿಗೆ ಹೋಗಿದ್ದು ನಿನಗೆ ಗೊತ್ತಿದೆ. ಸೋತ ಜಪಾನಿನ ಕಾವಲಿಗೆ ಹೋದ, ಕೊಡಗಿನ ಕೆ. ಎಸ್. ತಿಮ್ಮಯ್ಯನವರು ನಾಯಕರಾಗಿದ್ದ 268ನೆಯ ಭಾರತೀಯ ಬ್ರಿಗೇಡಿನಲ್ಲಿ, ಮರಾಠಾ ಪಡೆಯವರೊಂದಿಗೆ. ಅವರು ಹಡಗಿನಿಂದ ಇಳಿದದ್ದು ಹಿರೋಶಿಮಾದ ಪಕ್ಕದ ಕುರೆ ಬಂದರಿನಲ್ಲಿ. ನಾನು ಚಿಕ್ಕವಳಿದ್ದಾಗ ಕಾಕಾ ಅಲ್ಲಿಯ ಹಿಮದ ಬಗ್ಗೆ, ಮನೆಗಳ ಒಳಗಿನ ಚಾಪೆಯ ನೆಲದ ಬಗ್ಗೆ ಹೇಳುತ್ತಿದ್ದರು. ಹಿರೋಶಿಮಾದ ಹೆಸರು ಅವರ ಬಾಯಿಂದ ನಾನು ಕೇಳಿಲ್ಲ. ನಾನೂ ಕೇಳಲಿಲ್ಲ. ದಿನವೆಲ್ಲ ಪತ್ರಿಕೆಯಲ್ಲಿ ಕೂತು ಬಂದು, ರಾತ್ರಿ ಅದೇ ಅಂಗಳದಲ್ಲಿ ಅವರಿಗೆ ಊಟ ಬಡಿಸುತ್ತಿದ್ದೆ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಈಗ ಅವರಿಲ್ಲ, ಮತ್ತು ಯಾವ ಮೇರಿಲ್ಯಾಂಡಿನಲ್ಲೂ ಅವರ ಕರಡು ಸಿಗುವುದಿಲ್ಲ. ನೀನು ಓದದ ಪುಟಗಳಿಗೆ ಹೆದರುತ್ತೀಯೆ, ನನಗೆ ಕೇಳದೆ ಬಿಟ್ಟ ಮಾತುಗಳು ಹೆಚ್ಚು ನೋವು ಕೊಡುತ್ತವೆ.

ಉಪದೇಶ ಎಂದು ಹೇಳುವಷ್ಟು ನನ್ನಲ್ಲಿ ಹೆಚ್ಚೇನೂ ಇಲ್ಲ. ಅಚ್ಚಾದ ಪುಟ ಮತ್ತು ಕರಡು ಎರಡೂ ಸಿಕ್ಕಲ್ಲಿ, ತೆಗೆದದ್ದನ್ನು ಬರೆದುಕೊಳ್ಳುವಂತೆಯೇ ತೆಗೆಯದೆ ಬಿಟ್ಟದ್ದನ್ನೂ ಬರೆದುಕೋ. ಆ ಕತ್ತರಿ ಎಲ್ಲಿ ನಿಲ್ಲುತ್ತಿತ್ತೆಂದು ಗೊತ್ತಾದರೆ, ಗುರುತಿಲ್ಲದ ಪುಟದಲ್ಲೂ ಅದು ಎಲ್ಲಿ ನಡೆದಿರಬಹುದೆಂದು ನಿನ್ನ ಕೈಗೆ ತಿಳಿಯುತ್ತ ಬರುತ್ತದೆ. ಕರಡು ತಿದ್ದುವವರ ಅಭ್ಯಾಸ ಇದು, ನಿನ್ನ ಶಾಸ್ತ್ರಕ್ಕೆ ಹೊಂದುತ್ತದೋ ಇಲ್ಲವೋ ನಿನ್ನ ಪ್ರಾಧ್ಯಾಪಕರನ್ನು ಕೇಳು. ಆ ಕಾಲದ ದಿನಚರಿಗಳು ಸಿಕ್ಕರೆ ಪತ್ರಿಕೆಗಿಂತ ಮೊದಲು ಅವನ್ನು ಓದು. ಸೆನ್ಸಾರಿನವರು ಅಂಚೆಯ ಕಾಗದಗಳನ್ನು ಒಡೆದು ಓದುತ್ತಿದ್ದರು, ಫೋನು ಕದ್ದು ಕೇಳುತ್ತಿದ್ದರು, ಆದರೆ ಮನೆಯ ಕಪಾಟಿನೊಳಗಿನ ನೋಟುಬುಕ್ಕನ್ನು ಅವರು ತಿದ್ದಲಿಲ್ಲ. ಆ ಕಚೇರಿಯಲ್ಲಿ ಕುಳಿತು ತಮ್ಮವರ ಕಾಗದಗಳನ್ನೇ ಓದಿದವರು ಸಾವಿರಾರು ಜಪಾನೀಯರು, ಹೆಚ್ಚಿನವರು ಇಂಗ್ಲಿಷ್ ಬಲ್ಲವರು, ಆ ಹಸಿವಿನ ದಿನಗಳಲ್ಲಿ ಸಂಬಳಕ್ಕಾಗಿ ಸೇರಿದವರು. ಅವರ ಮೇಲೆ ಸಿಟ್ಟಾಗುವ ಮೊದಲು ಒಂದು ಕ್ಷಣ ನಿಲ್ಲು. ಮತ್ತೆ, ಸಂಜೆಯ ಮೇಲೆ ಆ ಯಂತ್ರದ ಮುಂದೆ ಕೂರಬೇಡ. ಇದು ಅತ್ತೆಯ ಮಾತು, ಇತಿಹಾಸಕ್ಕೆ ಸಂಬಂಧವಿಲ್ಲ.

ಹೆದರಿಕೆ ಪೂರ್ತಿ ಹೋಗಲಿ ಎಂದು ನಾನು ಹಾರೈಸುವುದಿಲ್ಲ. ಆ ಕೆಲಸಕ್ಕೆ ಸ್ವಲ್ಪ ಹೆದರಿಕೆ ಇರುವವರೇ ಬೇಕು. ಅದು ನಿನ್ನ ಓದನ್ನು ನಿಲ್ಲಿಸದಿರಲಿ, ಅಷ್ಟೇ.

ನನ್ನದೊಂದು ಕೋರಿಕೆ ಇದೆ. ಭಾರತೀಯ ಪಡೆಗಳು ಇದ್ದದ್ದು ಒಕಾಯಾಮ, ಶಿಮಾನೆ, ತೊತ್ತೊರಿ ಜಿಲ್ಲೆಗಳಲ್ಲಿ. ಅಲ್ಲಿಯ ಊರ ಪತ್ರಿಕೆಗಳು ಆ ಸಂಗ್ರಹದಲ್ಲಿದ್ದರೆ, 1946ರಿಂದ 1947ರಲ್ಲಿ ಅವರು ಮನೆಗೆ ಮರಳುವವರೆಗಿನ ಸಂಚಿಕೆಗಳಲ್ಲಿ ನಮ್ಮ ಸಿಪಾಯಿಗಳ ಬಗ್ಗೆ ಏನಾದರೂ ಅಚ್ಚಾಗಿದೆಯೇ, ಇಲ್ಲವೇ ಕರಡಿನಲ್ಲೇ ಗೀಟು ಬಿದ್ದಿದೆಯೇ ನೋಡಿ ತಿಳಿಸು. ಸಿಕ್ಕರೆ ಆ ಪುಟದ ಪ್ರತಿ ತೆಗೆದು, ಅರ್ಥವನ್ನು ಕನ್ನಡದಲ್ಲಿ ಬರೆದು ಕಳಿಸು. ಅಂಚೆಯ ಖರ್ಚನ್ನು ನಿನ್ನ ಅಪ್ಪನಿಗೆ ಕೊಡುತ್ತೇನೆ.

ಇಂತಿ ನಿನ್ನ ಅತ್ತೆ