ಕೆಂಪು ದೀಪ ಹತ್ತಿದ ಮೇಲೆ

ಚಿ. ಮೇಘಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರ ಸೋಮವಾರ ಬಂತು. ಮೂಟ್ ಕೋರ್ಟಿನಲ್ಲಿ, ಅಂದರೆ ನಿಮ್ಮ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ, ಸೋತಿದ್ದಕ್ಕಿಂತ ಜಾಸ್ತಿ ನನ್ನ ಮನಸ್ಸಿಗೆ ತಟ್ಟಿದ್ದು ಇನ್ನೊಂದು ವಿಷಯ. ಸಮಯ ಮುಗಿಯಿತು ಅಂತ ಜೊತೆಗಾತಿ ಚೀಟಿ ಸರಿಸಿದಳು, ನೀನು ಅದನ್ನು ನೋಡದೆ ಮಾತಾಡುತ್ತಲೇ ಹೋದೆ, ಅವತ್ತಿನಿಂದ ಇಬ್ಬರೂ ಮಾತು ಬಿಟ್ಟಿದ್ದೀರಿ. ‘ಅಲನ್ ಶೋರ್ ಆಗಿದ್ದರೆ ಅವನೂ ನಿಲ್ಲಿಸುತ್ತಿರಲಿಲ್ಲ’ ಅಂತ ಬೇರೆ ಬರೆದಿದ್ದೀಯ. ಅದಕ್ಕೇ ನೀನು ಹೇಳಿದ ಆ ಕಂತನ್ನು ಕೂತು ಎರಡು ಸಲ ನೋಡಿದೆ. ಅಲನ್ ವಕೀಲನಾಗಿರುವ ಅಮೆರಿಕದ ಟೀವಿ ಧಾರಾವಾಹಿ ‘ಬಾಸ್ಟನ್ ಲೀಗಲ್’, ಅದರ ನಾಲ್ಕನೇ ಸೀಸನ್ನಿನ ‘ದಿ ಕೋರ್ಟ್ ಸುಪ್ರೀಮ್’.

ಚೆನ್ನಾಗಿದೆ ಕಣೇ. ಆ ಧಾರಾವಾಹಿ ಸೃಷ್ಟಿಸಿದ ಡೇವಿಡ್ ಇ. ಕೆಲ್ಲಿ ಟೀವಿಗೆ ಬರುವ ಮೊದಲು ಬಾಸ್ಟನ್‌ನಲ್ಲೇ ವಕೀಲರಾಗಿದ್ದವರು. ಅದು ನೋಡಿದರೆ ಗೊತ್ತಾಗುತ್ತದೆ. ಅಲನ್‌ನ ಗೆಳೆಯ, ಹಿರಿಯ ವಕೀಲ ಡೆನ್ನಿ ಕ್ರೇನ್ ಮಾತುಮಾತಿಗೂ ತನ್ನ ಹೆಸರು ತಾನೇ ಹೇಳಿಕೊಂಡಾಗ ನೀವೆಲ್ಲ ನಗುತ್ತೀರಿ, ಅಲ್ವಾ? ನನಗೆ ನಗು ಬರಲಿಲ್ಲ. ಅವನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಹೆಸರೊಂದನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ ಅನಿಸಿತು. ನನ್ನ ಸೀನಿಯರ್ ಕೊನೆಕೊನೆಗೆ ವಾದದ ನಡುವೆ ಕಕ್ಷಿದಾರನ ಹೆಸರು ಮರೆತು ಸುಮ್ನೆ ನಿಂತುಬಿಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಪೆನ್ಸಿಲಿನಲ್ಲಿ ದೊಡ್ಡದಾಗಿ ಹೆಸರು ಬರೆದು ಕಾಗದವನ್ನು ಮುಂದಕ್ಕೆ ಸರಿಸುತ್ತಿದ್ದೆ. ಅವರು ಕನ್ನಡಕ ಏರಿಸಿ ಅದನ್ನು ನೋಡಿ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ವಾದ ಎತ್ತಿಕೊಳ್ಳುತ್ತಿದ್ದರು. ಮೂವತ್ತು ವರ್ಷ ವಕೀಲಿ ಮಾಡಿದವರಿಗೆ ಚೀಟಿ ನೋಡುವುದು ಅವಮಾನ ಅನಿಸಿರಲಿಲ್ಲ.

ಇನ್ನು ನೀನು ಮೆಚ್ಚಿದ ವಾದಕ್ಕೆ ಬರುತ್ತೇನೆ. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಎಂಟು ವರ್ಷದ ಮಗುವಿನ ಮೇಲೆ ಅತ್ಯಾಚಾರ ಮಾಡಿದನೆಂದು ಮರಣದಂಡನೆಗೆ ಗುರಿಯಾದವನು, ಬುದ್ಧಿ ಬೆಳೆಯದ ಮನುಷ್ಯ. ಅವನ ಪರವಾಗಿ ಅಲನ್ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ನಿಲ್ಲುತ್ತಾನೆ. ನಿಂತವನು ಕೇಸು ಬಿಟ್ಟು, ನೀವೆಲ್ಲ ದೊಡ್ಡ ಕಂಪನಿಗಳ ಕಡೆ ವಾಲಿದ್ದೀರಿ ಅಂತ ನ್ಯಾಯಮೂರ್ತಿಗಳನ್ನೇ ಬೈಯತೊಡಗುತ್ತಾನೆ. ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ. ಆದರೆ ಎರಡನೇ ಸಲ ನೋಡುವಾಗ ಆ ಕಕ್ಷಿದಾರನೇ ತಲೆಯಲ್ಲಿ ಕೂತುಬಿಟ್ಟ. ಜೀವ ಅವನದು. ವಕೀಲ ಜಡ್ಜ್ ಜೊತೆ ಜಗಳಕ್ಕೆ ಬಿದ್ದರೆ ಜೈಲಿನಲ್ಲಿ ಕೂತವನಿಗೆ ಅದರಿಂದ ಏನು ಸಿಗುತ್ತದೆ?

ಮಗುವಿನ ಮೇಲಿನ ಅತ್ಯಾಚಾರಕ್ಕೆ ಮರಣದಂಡನೆ ಕೊಡಬಹುದೇ ಅನ್ನುವ ಇದೇ ಪ್ರಶ್ನೆಯ ನಿಜವಾದ ಕೇಸು ಅದೇ ಹೊತ್ತಿಗೆ ಅದೇ ಕೋರ್ಟಿನಲ್ಲಿತ್ತು ಅಂತ ಗೊತ್ತಾ? ಕೆನಡಿ ವರ್ಸಸ್ ಲೂಸಿಯಾನಾ. ವಾದ ನಡೆದದ್ದು 2008ರ ಏಪ್ರಿಲ್ 16ಕ್ಕೆ, ನಿನ್ನ ಕಂತು ಪ್ರಸಾರವಾದದ್ದು ಏಪ್ರಿಲ್ 22ಕ್ಕೆ. ಅಲ್ಲಿ ವಕೀಲರ ಮೇಜಿನ ಮೇಲೆ ಈಗಲೂ ಹೆಬ್ಬಾತಿನ ಗರಿಯ ಬಿಳೀ ಲೇಖನಿ ಇಡುತ್ತಾರಂತೆ. ಎದುರಿಗೆ ದೀಪಗಳು. ಬಿಳಿ ಹತ್ತಿದರೆ ಐದು ನಿಮಿಷ ಉಳಿದಿದೆ ಅಂತ, ಕೆಂಪು ಹತ್ತಿದರೆ ಮಾತು ಮುಗಿಸಬೇಕು. ಆ ಕೇಸಿನಲ್ಲಿ ಯಾರೂ ನ್ಯಾಯಮೂರ್ತಿಗಳನ್ನು ಬೈದು ಗೆಲ್ಲಲಿಲ್ಲ. ಎಣಿಕೆಗೆ ತೂಕ ಬಂತು. ಐವತ್ತು ರಾಜ್ಯಗಳಲ್ಲಿ ಇಂಥ ಅಪರಾಧಕ್ಕೆ ಮರಣದಂಡನೆ ಇಟ್ಟುಕೊಂಡದ್ದು ಆರೇ. 1964ರ ನಂತರ ಅತ್ಯಾಚಾರಕ್ಕಾಗಿ ಯಾರನ್ನೂ ಗಲ್ಲಿಗೇರಿಸಿಲ್ಲ. ಇನ್ನೊಂದು ಮಾತು ನನ್ನನ್ನು ತುಂಬಾ ಕಾಡಿತು. ತಪ್ಪು ಮಾಡಿದವನು ಎಷ್ಟೋ ಸಲ ಮನೆಯವನೇ ಆಗಿರುತ್ತಾನೆ. ಅವನಿಗೆ ಸಾವೇ ಶಿಕ್ಷೆ ಅಂತಾದರೆ ಮಗು ಬಾಯಿ ಬಿಡುವುದು ಇನ್ನೂ ಕಷ್ಟ. ತೀರ್ಪಿನಲ್ಲಿ ಆ ಮಾತಿದೆ. ಮಗುವಿನ ಮನೆಯೊಳಗೆ ಹೋಗಿ ಕೂತು ಯೋಚಿಸಿದವರಿಗೆ ಮಾತ್ರ ಹೊಳೆಯುವ ವಾದ ಅದು. ಜೂನ್ 25ಕ್ಕೆ ತೀರ್ಪು ಬಂತು, ಮರಣದಂಡನೆ ಸಲ್ಲದು ಅಂತ, ಐದಕ್ಕೆ ನಾಲ್ಕು. ಒಂದೇ ವೋಟಿನಲ್ಲಿ ಒಂದು ಜೀವ ಉಳಿಯಿತು.

ಮುಂದಿನದು ಕೇಳು. 2006ರಲ್ಲಿ ಅಮೆರಿಕದ ಸಂಸತ್ತು ಸೇನೆಯ ಕಾನೂನಿನಲ್ಲಿ ಇದೇ ಅಪರಾಧಕ್ಕೆ ಮರಣದಂಡನೆ ಸೇರಿಸಿತ್ತು. ಎರಡೂ ಕಡೆಯ ವಕೀಲರಿಗೆ ಅದು ಕಾಣಲಿಲ್ಲ. ಒಂಬತ್ತು ನ್ಯಾಯಮೂರ್ತಿಗಳಿಗೂ ಕಾಣಲಿಲ್ಲ. ತೀರ್ಪು ಬಂದ ಮೇಲೆ ಹೊರಗಿನವರೊಬ್ಬರು ಎತ್ತಿ ತೋರಿಸಿದರು. ಲೂಸಿಯಾನಾ ಮರುವಿಚಾರಣೆ ಕೇಳಿತು, ಕೋರ್ಟು ಒಪ್ಪಲಿಲ್ಲ. ಅಷ್ಟು ದೊಡ್ಡವರ ಕಣ್ಣಿಗೇ ಒಂದು ಕಾಯಿದೆ ತಪ್ಪಿಹೋಯಿತು ಮೇಘಾ. ಓದುವಾಗ ನಿನ್ನ ಕಣ್ಣಿನ ಜೊತೆಗೆ ಇನ್ನೊಬ್ಬರ ಕಣ್ಣೂ ಬೇಕು.

ನಾನು ಯಾರಿಗೂ ಹೇಳದ್ದು ಒಂದು ಹೇಳುತ್ತೇನೆ. ವಕೀಲಿಗೆ ಬಂದು ಮೂರನೇ ವರ್ಷ. ಕಳ್ಳತನದ ಕೇಸಿನಲ್ಲಿ ಒಬ್ಬ ಹುಡುಗನ ಜಾಮೀನು ಅರ್ಜಿ. ಜಡ್ಜ್ ಏನೋ ಕೇಳಿದರು, ನನಗೆ ಅದು ಕೊಂಕು ಅನಿಸಿತು. ಒಂದು ಚುರುಕಾದ ಉತ್ತರ ಕೊಟ್ಟೆ. ಹಿಂದೆ ಕೂತಿದ್ದ ಜೂನಿಯರ್‌ಗಳು ಮೇಜು ಕುಟ್ಟಿದರು. ಅರ್ಜಿ ಎರಡು ವಾರ ಮುಂದಕ್ಕೆ ಹೋಯಿತು. ಹೊರಗೆ ಬಂದರೆ ಹುಡುಗನ ತಾಯಿ ಮೆಟ್ಟಿಲ ಮೇಲೆ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗ ಸಂಜೆಗೆ ಬಿಡುಗಡೆ ಆಗ್ತಾನೆ ಅಂತ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು. ‘ಏನಾಯ್ತಮ್ಮಾ?’ ಅಂದರು. ವಾಯಿದೆ ಸಿಕ್ಕಿದೆ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಕೊಟ್ಟ ಆ ಉತ್ತರ ಏನು ಅಂತ ಇವತ್ತು ನೆನಪಿಲ್ಲ. ಡಬ್ಬಿಯ ಮುಚ್ಚಳಕ್ಕೆ ಕಟ್ಟಿದ್ದ ಹಸಿರು ದಾರ ನೆನಪಿದೆ.

ನಿನ್ನ ಸಿಟ್ಟನ್ನು ಬಿಡು ಅಂತ ನಾನು ಹೇಳುತ್ತಿಲ್ಲ. ಸಿಟ್ಟಿಲ್ಲದವರು ಈ ಕೆಲಸಕ್ಕೆ ಬರಬಾರದು. ಆ ಸಿಟ್ಟು ರಾತ್ರಿ ಹನ್ನೊಂದಕ್ಕೆ ಫೈಲು ತಿರುವಿ ಹಾಕುವಾಗ ನಿನ್ನನ್ನು ಎಚ್ಚರ ಇಡಲಿ. ಕೋರ್ಟಿನಲ್ಲಿ ಎದ್ದು ನಿಂತಾಗ ಕಕ್ಷಿದಾರನಿಗೆ ಏನು ಬೇಕೋ ಅದನ್ನು ಕೇಳು, ಕೇಳಿದ ಮೇಲೆ ಕೂತುಕೋ.

ಆ ಧಾರಾವಾಹಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾಲ್ಕನಿ. ದಿನ ಮುಗಿದ ಮೇಲೆ ಅಲನ್, ಡೆನ್ನಿ ಇಬ್ಬರೂ ಅಲ್ಲಿ ಕೂತು ಸಿಗಾರ್ ಸೇದುತ್ತಾ ಮಾತಾಡುತ್ತಾರೆ. ರಾಜಕೀಯದಲ್ಲಿ ಒಬ್ಬ ಪೂರ್ವ, ಇನ್ನೊಬ್ಬ ಪಶ್ಚಿಮ. ಆದರೂ ಕುರ್ಚಿ ಎರಡೂ ಅಕ್ಕಪಕ್ಕ. ನಿನಗೆ ಚೀಟಿ ಸರಿಸಿದವಳು ನಿನ್ನ ವಾದ ಕೆಡದೇ ಇರಲಿ ಅಂತ ನೋಡಿದವಳು. ಈ ಪತ್ರ ಮಡಚಿಟ್ಟು ಅವಳಿಗೆ ಇವತ್ತೇ ಫೋನ್ ಮಾಡು. ದಸರಾ ರಜೆಗೆ ಬರುವಾಗ ಅವಳನ್ನೂ ಕರೆದುಕೊಂಡು ಬಾ. ಇಬ್ಬರ ಮೂಟ್ ಫೈಲುಗಳೂ ಇರಲಿ, ಜಗುಲಿ ಮೇಲೆ ಕೂತು ಮೂವರೂ ಮೊದಲಿಂದ ಓದೋಣ.

ನಿನ್ನ
ದೊಡ್ಡಮ್ಮ