ವಿಷಯ: ಇನ್ವರ್ಟರ್‌ನ ಬ್ಯಾಟರಿ ಪರ್ಸೆಂಟೇಜ್ ತಪ್ಪು ತೋರಿಸುತ್ತಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ

ಮಾನ್ಯರೇ,

ಸಾಗರದ ನಮ್ಮ ಡಿಟಿಪಿ ಅಂಗಡಿಗೆ ನಿಮ್ಮ ಕಂಪನಿಯವರು ಹಳೇ ಟ್ಯೂಬುಲರ್ (ಲೆಡ್ ಆಸಿಡ್) ಬ್ಯಾಟರಿ ತೆಗೆದು ಲಿಥಿಯಂ ಬ್ಯಾಟರಿ ಹಾಕಿಕೊಟ್ಟಿದ್ದೀರಿ. 12.8 ವೋಲ್ಟ್, 100 ಎಎಚ್, ಲಿಥಿಯಂ ಐರನ್ ಫಾಸ್ಫೇಟ್. ಇನ್ವರ್ಟರ್ ಮಾತ್ರ ಹಳೆಯದೇ ಇರಲಿ, ಏನೂ ತೊಂದರೆ ಇಲ್ಲ ಅಂತ ಹೇಳಿದ್ದೂ ನಿಮ್ಮವರೇ. ಅವತ್ತಿನಿಂದ ಡಿಸ್‌ಪ್ಲೇ ಮೇಲಿನ ಪರ್ಸೆಂಟೇಜ್ ನಂಬುವ ಹಾಗಿಲ್ಲ. ದೂರು ಕೊಟ್ಟರೆ ಬಂದ ಟೆಕ್ನಿಷಿಯನ್ 'ಬ್ಯಾಟರಿ ವೀಕ್, ಲೋಡ್ ಜಾಸ್ತಿ' ಅಂತ ಬರೆದು, ವಿಸಿಟ್ ಚಾರ್ಜ್ ತಗೊಂಡು ಹೋದರು. ವೋಲ್ಟ್ ಅಳೆಯುವ ಮೀಟರ್ ಹೊರಗೆ ತೆಗೆಯಲೇ ಇಲ್ಲ. ಹಾಗಾಗಿ ನಾನೇ ಅಳೆದು ಈ ಪತ್ರ ಬರೆಯುತ್ತಿದ್ದೇನೆ.

ಕರೆಂಟ್ ಹೋದಾಗ ಎರಡು ಕಂಪ್ಯೂಟರ್, ಇಂಕ್ ಪ್ರಿಂಟರ್, ಫ್ಯಾನು, ಲೈಟು ಓಡುತ್ತವೆ. ಒಟ್ಟು ಸುಮಾರು 600 ವ್ಯಾಟ್. ಜೆರಾಕ್ಸ್ ಮಷೀನನ್ನು ಇನ್ವರ್ಟರ್ ಲೈನಿಗೆ ಕೊಟ್ಟೇ ಇಲ್ಲ. ಲೋಡ್ ಬಿದ್ದ ಕೂಡಲೇ ಡಿಸ್‌ಪ್ಲೇ 100ರಿಂದ 30ಕ್ಕೆ ಇಳಿಯುತ್ತದೆ. ಕಂಪ್ಯೂಟರ್ ಆಫ್ ಮಾಡಿದರೆ ಮತ್ತೆ 100. ಅಷ್ಟರಲ್ಲಿ ಬ್ಯಾಟರಿ ತುಂಬಿತಾ?

ಲೋಡ್ ಇಲ್ಲದಾಗ ಬ್ಯಾಟರಿಯ ಟರ್ಮಿನಲ್‌ನಲ್ಲಿ 13.2 ವೋಲ್ಟ್, ಇನ್ವರ್ಟರ್ ಟರ್ಮಿನಲ್‌ನಲ್ಲೂ 13.2. ಲೋಡ್ ಹಾಕಿದಾಗ ಬ್ಯಾಟರಿ ಹತ್ತಿರ 13.0, ಇನ್ವರ್ಟರ್ ಹತ್ತಿರ 12.0. ಅಂದರೆ ಒಂದು ವೋಲ್ಟ್ ದಾರಿಯಲ್ಲೇ ಹೋಯಿತು. ಇನ್ವರ್ಟರ್ ತನ್ನ ಟರ್ಮಿನಲ್‌ನ ವೋಲ್ಟೇಜ್ ನೋಡಿಯೇ ಪರ್ಸೆಂಟೇಜ್ ಹೇಳುತ್ತದೆ. ಬ್ಯಾಟರಿಯಲ್ಲಿ ಚಾರ್ಜ್ ಇದೆ, ವೋಲ್ಟ್ ತಿನ್ನುತ್ತಿರುವುದು ನೀವು ಎಳೆದ ವೈರು.

ಹಳೇ ಬ್ಯಾಟರಿ ಇನ್ವರ್ಟರ್ ಪಕ್ಕದಲ್ಲೇ ಇತ್ತು. ಹೊಸದನ್ನು ನಿಮ್ಮವರು ಹಿಂದಿನ ಕೋಣೆಯ ಅಟ್ಟಕ್ಕೆ ಏರಿಸಿ, ಮನೆ ವೈರಿಂಗಿಗೆ ಹಾಕುವ 6 ಸ್ಕ್ವೇರ್ ಎಂಎಂ ವೈರ್ ಜೋಡಿಸಿದ್ದಾರೆ. ಹೋಗೋಕೆ 3 ಮೀಟರ್, ಬರೋಕೆ 3 ಮೀಟರ್. ಈ ಅಳತೆಯ ತಾಮ್ರದ ವೈರಿಗೆ ಮೀಟರಿಗೆ ಸುಮಾರು 3 ಮಿಲಿಓಮ್ ರೆಸಿಸ್ಟೆನ್ಸ್ ಇರುತ್ತದೆ, 6 ಮೀಟರಿಗೆ 18. 600 ವ್ಯಾಟ್ ಲೋಡಿಗೆ ಬ್ಯಾಟರಿಯಿಂದ 55 ಆಂಪಿಯರ್‌ನಷ್ಟು ಎಳೆಯುತ್ತದೆ. ಗುಣಿಸಿ ನೋಡಿ, ಅದೇ ಒಂದು ವೋಲ್ಟ್ ಬರುತ್ತದೆ. 50 ವ್ಯಾಟಿಗೂ ಜಾಸ್ತಿ ಸುಮ್ನೆ ಬಿಸಿಯಾಗಿ ಹೋಗುತ್ತಿದೆ. ವೈರ್ ಮುಟ್ಟಿದರೆ ಗೊತ್ತಾಗುತ್ತದೆ. ಪಾಸಿಟಿವ್ ಕಡೆಯ ಲಗ್ಗನ್ನು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ) ಟೂಲ್‌ನಿಂದ ಒತ್ತಿ ಕ್ರಿಂಪ್ ಮಾಡದೆ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ್ದಾರೆ, ಅದರ ಮೇಲಿನ ಟೇಪ್ ಆಗಲೇ ಕಪ್ಪಾಗಿದೆ. ಪರ್ಸೆಂಟೇಜ್ ಹಾಳಾಗಲಿ, ಅಟ್ಟದ ಮೇಲೆ ಪೇಪರ್ ಬಂಡಲ್‌ಗಳಿವೆ ಸ್ವಾಮಿ.

ಇದು ಹಗಲಿನ ಕಥೆ. ರಾತ್ರಿ ಉಲ್ಟಾ. ಗಾಳಿಮಳೆಗೆ ಲೈನ್ ಹೋದರೆ ಸಿಸಿಟಿವಿ, ರೂಟರ್ ಮಾತ್ರ ಓಡುತ್ತವೆ. ಅಷ್ಟು ಸಣ್ಣ ಲೋಡಿಗೆ ವೈರಿನಲ್ಲಿ ಏನೂ ಇಳಿಯುವುದಿಲ್ಲ. ಡಿಸ್‌ಪ್ಲೇ ಗಂಟೆಗಟ್ಟಲೆ 100 ಅಂತಲೇ ತೋರಿಸುತ್ತಾ ಇದ್ದು, ಕೊನೆಗೆ ಒಮ್ಮೆಲೇ ಎಲ್ಲಾ ಆಫ್.

ಯಾಕೆ ಅಂದರೆ ಇನ್ವರ್ಟರಿಗೆ ಗೊತ್ತಿರುವುದು ಲೆಡ್ ಆಸಿಡ್ ಲೆಕ್ಕ ಮಾತ್ರ. ಅದರಲ್ಲಿ 12.7 ವೋಲ್ಟ್ ಅಂದರೆ ಫುಲ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ, 11.8 ಅಂದರೆ ಖಾಲಿ. ಲಿಥಿಯಂ ಐರನ್ ಫಾಸ್ಫೇಟ್ ಹಾಗಲ್ಲ. 90 ಪರ್ಸೆಂಟಿನಿಂದ 20ಕ್ಕೆ ಇಳಿಯುವಷ್ಟರಲ್ಲಿ ಅದರ ವೋಲ್ಟೇಜ್ 13.3ರಿಂದ 12.9ರ ಆಸುಪಾಸಿಗೆ ಬಂದಿರುತ್ತದೆ, ಅಷ್ಟೇ. ಗ್ಯಾಸ್ ಸಿಲಿಂಡರ್ ಇದ್ದ ಹಾಗೆ: ಉರಿ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ. 20 ಪರ್ಸೆಂಟ್ ಉಳಿದಾಗಲೂ ಅದು ಲೆಡ್ ಆಸಿಡ್‌ನ ಫುಲ್‌ಗಿಂತ ಮೇಲೆಯೇ ಇರುತ್ತದೆ. ಆಮೇಲೆ ಕಡಿದು ಬೀಳುತ್ತದೆ, ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ (ಬಿಎಂಎಸ್) ಕಟ್ ಮಾಡುತ್ತದೆ.

'ಒಂದ್ಸಲ ಪೂರ್ತಿ ಖಾಲಿ ಮಾಡಿ ಫುಲ್ ಚಾರ್ಜ್ ಮಾಡಿ, ತಾನೇ ಕಲಿತುಕೊಳ್ಳುತ್ತೆ' ಅಂತ ನಿಮ್ಮ ಕಸ್ಟಮರ್ ಕೇರ್‌ನವರು ಹೇಳಿದರು. ಒಳಗೆ ಹೋದ, ಹೊರಗೆ ಬಂದ ಆಂಪಿಯರ್‌ಗಳನ್ನು ಎಣಿಸುವ ಗೇಜ್ ಆಗಿದ್ದರೆ ಆ ಮಾತು ಸರಿ. ಅಂಥದ್ದಕ್ಕೆ ಆಗಾಗ ಫುಲ್ ಚಾರ್ಜ್ ಸಿಕ್ಕರೆ ಲೆಕ್ಕ ಸರಿಹೋಗುತ್ತದೆ. ಬರೀ ವೋಲ್ಟೇಜ್ ನೋಡುವ ಈ ಡಬ್ಬಿ ಏನು ಕಲಿಯುತ್ತೆ? ಎಣಿಸೋಕೆ ಬೇಕಾದ ಶಂಟ್, ಅಂದರೆ ಕರೆಂಟ್ ಅಳೆಯುವ ಭಾಗ, ಇದರಲ್ಲಿ ಇಲ್ಲವೇ ಇಲ್ಲ.

ನನಗೆ ಬೇಕಾಗಿರುವುದು ಇಷ್ಟು. ಮೊದಲು ಆ ವೈರ್ ತೆಗೆದು 25 ಸ್ಕ್ವೇರ್ ಎಂಎಂ ಕೇಬಲ್ ಹಾಕಿ, ಲಗ್ ಸರಿಯಾಗಿ ಕ್ರಿಂಪ್ ಮಾಡಿ, ಬ್ಯಾಟರಿ ಹತ್ತಿರವೇ ಫ್ಯೂಸ್ ಕೊಡಿ. ಇದಕ್ಕೆ ಕಾಯುವಂತಿಲ್ಲ. ಇಷ್ಟು ಮಾಡಿದರೆ ಹಗಲಿನ ಕುಸಿತ ಕಾಲು ವೋಲ್ಟಿಗೆ ಬರುತ್ತದೆ, ಆದರೆ ರಾತ್ರಿಯ ಸಮಸ್ಯೆ ಹಾಗೇ ಇರುತ್ತದೆ. ಅದಕ್ಕೆ ಲಿಥಿಯಂ ಸೆಟ್ಟಿಂಗ್ ಇರುವ ಇನ್ವರ್ಟರ್ ಕೊಡಿ, ಇಲ್ಲವಾದರೆ ಶಂಟ್ ಇರುವ ಬ್ಯಾಟರಿ ಮಾನಿಟರ್ ಹಾಕಿ. 'ಬ್ಯಾಟರಿ ವೀಕ್, ಲೋಡ್ ಜಾಸ್ತಿ' ಅನ್ನುವ ಷರಾ ವಾಪಸ್ ತಗೊಂಡು ಲಿಖಿತವಾಗಿ ತಿಳಿಸಿ. ನಾಳೆ ವಾರಂಟಿ ಕೇಳಿದಾಗ ಅದನ್ನೇ ಮುಂದೆ ಹಿಡಿಯುತ್ತೀರಿ ಅಲ್ವಾ? ವಿಸಿಟ್ ಚಾರ್ಜನ್ನೂ ವಾಪಸ್ ಕೊಡಿ.

15 ದಿನದೊಳಗೆ ಉತ್ತರ ಬರದಿದ್ದರೆ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಮೀಟರ್ ರೀಡಿಂಗ್, ಲಗ್ ಮತ್ತು ಟೇಪಿನ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ. ಟೆಕ್ನಿಷಿಯನ್ ಕಳಿಸುವಾಗ ಮೀಟರ್ ತರೋಕೆ ಹೇಳಿ. ಮೇನ್ ಆಫ್ ಮಾಡಿ, ಲೋಡ್ ಹಾಕಿ, ಎರಡೂ ತುದಿಯಲ್ಲಿ ಅವರ ಕೈಯಲ್ಲೇ ಅಳೆಸುತ್ತೇನೆ.

ಇತಿ,
ನಿಮ್ಮ ಗ್ರಾಹಕ
ಸಾಗರ, ಶಿವಮೊಗ್ಗ ಜಿಲ್ಲೆ