ಅಕೇಶಿಯ ಕಡಿದ ಮಾತ್ರಕ್ಕೆ ಕಾಡಾಗದು

ಮಾನ್ಯ ಸಂಪಾದಕರೇ,

ಅಕೇಶಿಯದಂಥ ವಿದೇಶಿ ಮರಗಳ ನೆಡುತೋಪುಗಳನ್ನು ಹಂತಹಂತವಾಗಿ ತೆಗೆದು ಸಹಜ ಕಾಡನ್ನು ಮರಳಿ ತರಬೇಕೆಂಬ ನೀತಿಯನ್ನು ಕೇರಳ ಸರಕಾರ 2021ರಲ್ಲಿ ಅಂಗೀಕರಿಸಿದ್ದು, ಕಾಸರಗೋಡಿನ ಗುಡ್ಡಗಳ ಮಟ್ಟಿಗೆ ತಡವಾದರೂ ಸರಿಯಾದ ನಿರ್ಧಾರ. ಆದರೆ ಕಡಿಯುವುದು ಸುಲಭದ ಕೆಲಸ. ನಮ್ಮ ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಅಕೇಶಿಯ ಕಡಿದ ಮರುವರ್ಷದ ಮಳೆಗೇ ಅದರ ಬೀಜಗಳು ಹರಿವೆ ಬಿತ್ತಿದಂತೆ ಒತ್ತೊತ್ತಾಗಿ ಮೊಳೆತವು. ಅವನ್ನು ಕೈಯಿಂದ ಕೀಳುವ ಕೆಲಸ ಹಲವು ವರ್ಷ ನಡೆಯಬೇಕು, ಗುತ್ತಿಗೆಯ ಲೆಕ್ಕವಾದರೋ ಮರ ಲಾರಿ ಹತ್ತುವಲ್ಲಿಗೆ ಮುಗಿದಿತ್ತು.

ಒಂದೇ ಜಾತಿಯ, ಒಂದೇ ಪ್ರಾಯದ ತೋಪಿಗೆ ರೋಗವೋ ಬೆಂಕಿಯೋ ತಗಲಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ರೆಂಜೆ, ನೇರಳೆ, ಹೆಬ್ಬಲಸು, ಮರುವ, ಪುನರ್ಪುಳಿ ಬೆರೆತ ಕಾಡಿನಲ್ಲಿ ಒಂದು ಸೋತರೆ ಇನ್ನೊಂದು ನಿಲ್ಲುತ್ತದೆ. ಹಣ್ಣು ತಿಂದ ಹಕ್ಕಿ, ಬಾವಲಿ, ಪುನುಗು ಬೆಕ್ಕುಗಳೇ ಬೀಜ ಹರಡುತ್ತವೆ. ಕೊಳೆತ ತರಗೆಲೆಯ ಅಡಿಯ ಮಣ್ಣು ಮಳೆನೀರನ್ನು ಹಿಡಿದು ಮುರಕಲ್ಲಿನೊಳಗೆ (ಜಂಬಿಟ್ಟಿಗೆಯೊಳಗೆ) ಇಳಿಸುತ್ತದೆ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ ನಂಬಿರುವ ನಮ್ಮಂಥವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹಾಗೆಂದು ಎಲ್ಲೆಡೆ ಗುಂಡಿ ತೋಡುವುದೂ ತಪ್ಪು. ಮಳೆಗಾಲದಲ್ಲಿ ಕೀಟಾಹಾರಿ ಸಸ್ಯಗಳ ಪುಟ್ಟ ನೀಲಿ ಹೂಗಳು ಹಾಸಿಕೊಳ್ಳುವ ಬಯಲು ಪದವುಗಳು (ಗುಡ್ಡದ ಮೇಲಿನ ಮುರಕಲ್ಲಿನ ಸಪಾಟು ನೆಲ) ಹುಲ್ಲಿನ ನೆಲವಾಗಿಯೇ ಉಳಿಯಲಿ; ಅವು ಪಾಳುಭೂಮಿಗಳಲ್ಲ.

ಜುಲೈ ತಿಂಗಳ ವನಮಹೋತ್ಸವಕ್ಕೆ ಎಲ್ಲಿಂದಲೋ ತಂದ ಸಸಿಗಳನ್ನು ನೆಟ್ಟು ಫೋಟೋ ತೆಗೆಸಿಕೊಳ್ಳುವ ಬದಲು, ಊರಿನ ನಾಗಬನಗಳಲ್ಲಿ ಉಳಿದಿರುವ ಹಳೆಯ ಮರಗಳ ಬೀಜಗಳನ್ನು ಆಡಳಿತದವರ ಒಪ್ಪಿಗೆ ಪಡೆದು ಆರಿಸಿ, ಪಂಚಾಯತು ಮಟ್ಟದಲ್ಲೇ ಸಸಿ ಮಾಡಬೇಕು. ಕಳೆ ಕೀಳುವ ಖರ್ಚನ್ನೂ ಗುತ್ತಿಗೆಯಲ್ಲಿ ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಓರ್ವ ಕೃಷಿಕ, ಬದಿಯಡ್ಕ